ನಿಮಗಿದು ಗೊತ್ತೆ? ದಿನಕ್ಕೆಷ್ಟು ನೀರು?

ವಯಸ್ಕನ ದೇಹಕ್ಕೆ ದಿನವೊಂದಕ್ಕೆ ಎಷ್ಟು ಜಲವು ಅವಶ್ಯವೆಂಬುದನ್ನು ಬಲ್ಲವರು ವಿರಳ.

ಎಂಟು ಲೋಟ ನೀರನ್ನು ಕುಡಿಯಲೇಬೇಕೆಂಬ ನಿಯಮಕ್ಕೆ ದೃಢವಾದ ವೈಜ್ಞಾನಿಕ ಆಧಾರವಿಲ್ಲ. 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣ ಮಂಡಲಿಯು ಎರಡೂವರೆ ಲೀಟರನ್ನು ಸೂಚಿಸಿದಾಗಲೇ, ಅದರ ಬಹುಭಾಗವು ನಾವು ಉಣ್ಣುವ ಆಹಾರದಲ್ಲಿಯೇ ಅಡಕವಾಗಿದೆಯೆಂದು ತಿಳಿಸಿತ್ತು. 2010ರಲ್ಲಿ ಐರೋಪ್ಯ ಆಹಾರ ಸುರಕ್ಷಾ ಪ್ರಾಧಿಕಾರವು ಸಮಶೀತೋಷ್ಣ ಹವೆಗೆ ಅನ್ವಯಿಸಿ, ಆಹಾರಪಾನೀಯಗಳೆಲ್ಲವೂ ಸೇರಿದಂತೆ, ಪುರುಷರಿಗೆ 2.5 ಲೀಟರ್, ಸ್ತ್ರೀಯರಿಗೆ 2 ಲೀಟರ್ ಎಂದು ನಿರ್ಧರಿಸಿತು. ಆದುದರಿಂದ ಕುಚ್ಚಲಕ್ಕಿಯ ಗಂಜಿ, ಮಜ್ಜಿಗೆ, ಎಳನೀರು, ಚಹಾ ಇವೆಲ್ಲವೂ ಈ ಲೆಕ್ಕಕ್ಕೆ ಸಲ್ಲುವುವು.

ಕರಾವಳಿಯ ಆರ್ದ್ರ ವಾಯುವಿನಲ್ಲಿ ಬೆವರು ಸುಲಭವಾಗಿ ಆರದೆ ಧಾರಾಳವಾಗಿ ಸ್ರವಿಸುವುದರಿಂದ, ಬೇಸಗೆಯಲ್ಲಿ ಬಿಸಿಲಿಗೆ ಮೈಯೊಡ್ಡಿ ದುಡಿಯುವವರಿಗೆ ಇದಕ್ಕಿಂತ ಅಧಿಕ ನೀರು ಬೇಕಾಗುವುದು. ಬಾಯಾರಿಕೆಯೂ ಮೂತ್ರದ ವರ್ಣವೂ ಉತ್ತಮ ಸೂಚಕಗಳು: ತಿಳಿಹಳದಿಯಿದ್ದರೆ ಕ್ಷೇಮ, ಗಾಢವಾಗಿದ್ದರೆ ನೀರು ಸಾಲದೆಂದರ್ಥ. ವೃದ್ಧರಲ್ಲಿ ತೃಷೆಯ ಅರಿವು ಕುಗ್ಗುವುದರಿಂದ, ಅವರಿಗೆ ಮನೆಯವರೇ ಆಗಾಗ ನೀರು ಕೊಡತಕ್ಕದ್ದು. ಅಲ್ಪಕಾಲದಲ್ಲಿ ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯವೊದಗಬಹುದು. ಹೃದಯದ ಅಥವಾ ಮೂತ್ರಪಿಂಡದ ವ್ಯಾಧಿಯುಳ್ಳವರು ವೈದ್ಯರು ಹೇಳಿದ ಪ್ರಮಾಣವನ್ನೇ ಪಾಲಿಸಬೇಕು.