ಮಂದೆಗೆ ಹೊಸ ಮರಿ ಕೂಡಿಸುವಾಗ

ಅಮೀನಗಡದ ಸಂತೆಯಲ್ಲಿ ಬೆಳಿಗ್ಗೆ ಕೊಂಡ ಆಡಿನ ಮರಿ ಸಂಜೆ ಹೊತ್ತಿಗೆ ಟೆಂಪೊ ಇಳಿದು ಬೇರೊಂದು ಊರಿನ ದೊಡ್ಡಿ ಮುಂದೆ ನಿಂತಿರುತ್ತದೆ. ದಾರಿಯುದ್ದಕ್ಕೂ ನೀರು ಕಂಡಿಲ್ಲ. ಹತ್ತಾರು ಊರಿನ ಆಡುಗಳಿಗೆ ಮೈತಾಗಿಸಿಕೊಂಡು ಬಂದಿದೆ. ಅದನ್ನು ಆ ರಾತ್ರಿಯೇ ಹಳೆಯ ಮಂದೆಯೊಳಗೆ ಬಿಟ್ಟುಬಿಡುವವರು ಬಹಳ. ಆಡು ಸಾಕಣೆಯಲ್ಲಿ ಇದಕ್ಕಿಂತ ದುಬಾರಿ ಅವಸರ ಇನ್ನೊಂದಿಲ್ಲ.

2019ರ ಜಾನುವಾರು ಗಣತಿಯ ಪ್ರಕಾರ ರಾಜ್ಯದಲ್ಲಿ 61 ಲಕ್ಷಕ್ಕೂ ಹೆಚ್ಚು ಆಡುಗಳಿವೆ. ಹತ್ತು ಆಡು ಕಟ್ಟಿಕೊಂಡ ಮನೆಯಲ್ಲಿ ಎರಡು ಸತ್ತರೂ ವರ್ಷದ ಲೆಕ್ಕ ಬುಡಮೇಲು.

ಮೊದಲ ಅಪಾಯ ಕಣ್ಣಿಗೆ ಕಾಣದ್ದು. ಆಡುಗಳ ಪ್ಲೇಗ್ ಎನ್ನಿಸಿಕೊಂಡ ಪಿಪಿಆರ್ ರೋಗ ಸೋಂಕು ತಗುಲಿದ ನಾಲ್ಕಾರು ದಿನಗಳ ಮೇಲೆ ಜ್ವರ, ಸಿಂಬಳ, ಬಾಯಿಹುಣ್ಣು, ಭೇದಿಯಾಗಿ ಹೊರಬೀಳುತ್ತದೆ. ಸಂತೆಯಲ್ಲಿ ಚುರುಕಾಗಿತ್ತೆಂದು ಮರಿಯನ್ನು ನಂಬುವಂತಿಲ್ಲ. ಮೂರು ನಾಲ್ಕು ವಾರ ಅದಕ್ಕೆ ಬೇರೆ ಜಾಗ, ಬೇರೆ ನೀರಿನ ಬಾನಿ ಇರಲಿ. ಮೇವು ಹಾಕುವವರು ಹಳೆಯ ಮಂದೆಯ ಕೆಲಸ ಮುಗಿಸಿಯೇ ಹೊಸ ಮರಿಗಳ ಹತ್ತಿರ ಹೋಗಬೇಕು. ಹಿಕ್ಕೆ ಪರೀಕ್ಷೆ, ಜಂತಿನ ಔಷಧಿ, ನಾಲ್ಕು ತಿಂಗಳು ತುಂಬಿದ್ದರೆ ಪಿಪಿಆರ್ ಲಸಿಕೆ, ಎಲ್ಲವೂ ಈ ಅವಧಿಯಲ್ಲೇ ಮುಗಿಯಲಿ. ಹಸಿದು ಬಂದಿದೆಯೆಂಬ ಕನಿಕರಕ್ಕೆ ಬೊಗಸೆ ತುಂಬ ಮೆಕ್ಕೆಜೋಳ ಇಟ್ಟರೆ ಹೊಟ್ಟೆ ಕೆಟ್ಟು ಮರಿ ಮೇಲೇಳುವುದಿಲ್ಲ. ನೀರು, ಒಣಮೇವು, ಒಂದಿಷ್ಟು ಸೊಪ್ಪು ಸಾಕು.

ಎರಡನೆಯದು ಕೊಂಬಿನ ಕಾಟ. ಮಂದೆಯೊಳಗೆ ಯಾವುದು ಮೊದಲು ಮೇವಿಗೆ ಬಾಯಿ ಹಾಕಬೇಕು, ಯಾವುದು ದಾರಿ ಬಿಡಬೇಕು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಹೊಸದು ಬಂದರೆ ಎಲ್ಲವೂ ಮತ್ತೆ ಮೊದಲಿನಿಂದ. ಟಗರು ಹಿಂದೆ ಸರಿದು ಓಡಿಬಂದು ಗುದ್ದಿದರೆ, ಆಡು ಹಿಂಗಾಲ ಮೇಲೆ ಎದ್ದು ನಿಂತು ಮೇಲಿನಿಂದ ಎರಗುತ್ತದೆ. ತಲೆಗೆ ತಲೆ ಕೊಟ್ಟರೆ ಅಷ್ಟು ಭಯವಿಲ್ಲ. ಪಕ್ಕೆಗೆ ಹಾಯ್ದರೆ ಎಳೆಯ ಎಲುಬು ತಡೆಯದು.

ಹಾಗಾಗಿ ಬೇರೆ ಇಟ್ಟ ವಾರಗಳು ಮುಗಿದ ಮೇಲೂ ನಡುವೆ ತಡಿಕೆ ಬೇಕು. ಬಿದಿರಿನದೋ ತಂತಿಬಲೆಯದೋ, ಒಂದು ವಾರ ಆ ಕಡೆ ಈ ಕಡೆ ಕಟ್ಟಿದರೆ ಆಡುಗಳು ಮೂಸಿ ಮೂಸಿ ಪರಿಚಯ ಮಾಡಿಕೊಳ್ಳುತ್ತವೆ. ಅವುಗಳ ಗುರುತೆಲ್ಲ ಮೂಗಿನಲ್ಲಿ. ಆಮೇಲೂ ಮೊದಲ ಭೇಟಿ ದೊಡ್ಡಿಯೊಳಗಲ್ಲ, ಬಯಲಲ್ಲಿ. ಅಲ್ಲಿ ತಪ್ಪಿಸಿಕೊಂಡು ಓಡಲು ಜಾಗವಿರುತ್ತದೆ, ಕಾದಾಡುವುದಕ್ಕಿಂತ ಮೇಯುವುದರ ಮೇಲೆ ಎಲ್ಲದರ ಗಮನವಿರುತ್ತದೆ. ಒಂಟಿ ಮರಿಯನ್ನು ಬಿಡಲೇಬಾರದು. ಜೊತೆಗೊಂದಿದ್ದರೆ ಪೆಟ್ಟೂ ಹಂಚಿಹೋಗುತ್ತದೆ, ರಾತ್ರಿ ಒತ್ತಿಕೊಂಡು ಮಲಗಲು ಒಂದು ಮೈಯೂ ಸಿಗುತ್ತದೆ. ಹಾಲು ಬಿಡದ ಮರಿಯನ್ನಂತೂ ತರುವುದೇ ಬೇಡ. ಬೇರೆ ತಾಯಿಯ ಮರಿ ಕೆಚ್ಚಲಿಗೆ ಬಂದರೆ ಆಡು ಒದ್ದು ಓಡಿಸುತ್ತದೆ.

ಸಂಜೆ ಮಂದೆ ಮರಳಿದಾಗ ಹೊಸ ಮರಿಯ ಎಡಮಗ್ಗುಲು ನೋಡಬೇಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವಿನ ಗುಳಿ ತುಂಬಿದ್ದರೆ ಅದು ಮೇದಿದೆ. ಒಳಗೆ ಎಳೆದುಕೊಂಡಿದ್ದರೆ ದೊಡ್ಡವು ಮೇಯಗೊಟ್ಟಿಲ್ಲ ಎಂದೇ ಲೆಕ್ಕ. ಆಗ ಸೊಪ್ಪನ್ನು ಒಂದೇ ಕಡೆ ಕಟ್ಟದೆ ದೂರದೂರ ಕಟ್ಟಬೇಕು. ಮರಿ ಮಾತ್ರ ನುಸುಳುವಷ್ಟು ಕಿಂಡಿ ಬಿಟ್ಟು ಒಳಗೆ ಮೇವಿಡುವುದು ಇನ್ನೂ ಒಳ್ಳೆಯದು. ಹೆಣ್ಣುಮರಿಯಾದರೆ ಹೋತದ ಕಣ್ಣಿಗೆ ಬೀಳದಂತೆ ಇಡಿ. ಮೈ ತುಂಬುವ ಮೊದಲೇ ಬೆದೆಗೆ ಬರುತ್ತದೆ.

ಈ ಸಲ ಮರಿ ತರುವ ಯೋಚನೆಯಿದ್ದರೆ ಮೊದಲು ತಡಿಕೆ ಕಟ್ಟಿ, ಹತ್ತಿರದ ಪಶು ಆಸ್ಪತ್ರೆಯಲ್ಲಿ ಲಸಿಕೆಯ ವಿಚಾರ ಮಾತಾಡಿ, ಆಮೇಲೆ ಸಂತೆಗೆ ಹೋಗಿ. ತಂದ ಮೇಲೆ ಮರಿ ಮೇವು ಬಿಟ್ಟರೆ ತಡಮಾಡದೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.