ಪಾಸ್‌ವರ್ಡ್ ಸರಿ ಇದ್ದರೂ ಮೇಲ್ ತೆರೆಯದಿದ್ದರೆ

ಅರಿಶಿನ ಕೊಳ್ಳುವವರಿಗೆ ಸಂಜೆಯೊಳಗೆ ದರ ತಿಳಿಸಬೇಕಿತ್ತು. ನಮ್ಮ ರೈತರ ಗುಂಪಿನ ಕಂಪ್ಯೂಟರ್‌ನಲ್ಲಿ ಮೇಲ್ ತೆರೆದರೆ 'ಲಾಗಿನ್ ವಿಫಲ'. ಅದೇ ಜಿಮೇಲ್ ಫೋನಿನಲ್ಲಿ ಸರಿಯಾಗೇ ಇತ್ತು. ಅವತ್ತು ಫೋನಿನಿಂದಲೇ ಉತ್ತರ ಕಳಿಸಿ ಪಾರಾದೆ.

ಆಮೇಲೆ ನೋಡಿದರೆ ತಪ್ಪು ಪಾಸ್‌ವರ್ಡಿನದಲ್ಲ, ನಾನು ಬದಲಿಸದೇ ಬಿಟ್ಟಿದ್ದ ಹಳೇ ಸೆಟ್ಟಿಂಗಿನದು. ಬೇರೆ ಪ್ರೋಗ್ರಾಂಗಳಲ್ಲಿ ಬರೀ ಪಾಸ್‌ವರ್ಡ್ ಕೊಟ್ಟು ಜಿಮೇಲ್ ತೆರೆಯೋದನ್ನು ಗೂಗಲ್ 2022ರಿಂದ ಹಂತಹಂತವಾಗಿ ನಿಲ್ಲಿಸಿದೆ.

ಥಂಡರ್‌ಬರ್ಡ್ ಬಳಸುವವರು ಹೀಗೆ ಮಾಡಿ:

1. ಅಕೌಂಟ್ ಸೆಟ್ಟಿಂಗ್ಸ್‌ನ ಸರ್ವರ್ ಸೆಟ್ಟಿಂಗ್ಸ್‌ನಲ್ಲಿ 'ಅಥೆಂಟಿಕೇಶನ್ ಮೆಥಡ್' ಅನ್ನು 'ಒಆಥ್2' ಮಾಡಿ. ಮೇಲ್ ಕಳಿಸುವ ಔಟ್‌ಗೋಯಿಂಗ್ ಸರ್ವರ್‌ಗೂ ಇದನ್ನೇ ಮಾಡಿ. ಇಲ್ಲದಿದ್ದರೆ ಮೇಲ್ ಬರುತ್ತೆ, ಹೋಗಲ್ಲ.
2. ಪ್ರೈವಸಿ ಸೆಟ್ಟಿಂಗ್‌ನಲ್ಲಿ ಕುಕೀಸ್‌ಗೆ ಅನುಮತಿ ಕೊಡಿ. ಸೇವ್ ಆಗಿರುವ ಹಳೇ ಪಾಸ್‌ವರ್ಡ್ ಅಳಿಸಿ.
3. ಪ್ರೋಗ್ರಾಂ ಮುಚ್ಚಿ ತೆರೆಯಿರಿ. ಗೂಗಲ್ ಕಿಟಕಿ ಬರುತ್ತೆ, ಅಲ್ಲಿ ಲಾಗಿನ್ ಆಗಿ ಒಪ್ಪಿಗೆ ಕೊಡಿ.

ನಿಮ್ಮ ಪ್ರೋಗ್ರಾಂನಲ್ಲಿ 'ಒಆಥ್2' ಇಲ್ಲವೇ? ಗೂಗಲ್ ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಆನ್ ಮಾಡಿ, 16 ಅಕ್ಷರದ 'ಆ್ಯಪ್ ಪಾಸ್‌ವರ್ಡ್' ಪಡೆದು ಹಾಕಿ.

ಗಡಿಬಿಡಿಯಲ್ಲಿ ಹುಡುಕಿ ಸಿಕ್ಕ ಯಾವುದೋ 'ಹೆಲ್ಪ್‌ಲೈನ್'ಗೆ ಫೋನ್ ಮಾಡಿ ಒಟಿಪಿ ಮಾತ್ರ ಹೇಳಬೇಡಿ. ಮೇಲ್ ಜೊತೆ ಬ್ಯಾಂಕ್ ದುಡ್ಡೂ ಹೋದೀತು.