ಕತ್ತರಿ ಬಿಸಿಲಿಗೆ ಹೊಂದುವ ಒಳ ಉಡುಪು

ಹಬ್ಬಕ್ಕೆ ಸೀರೆ ಕೊಳ್ಳುವಾಗ ತ್ಯಾಗರಾಯನಗರದ ಹತ್ತು ಅಂಗಡಿಗಳನ್ನು ಸುತ್ತುವ ನಾವು, ಒಳ ಉಡುಪಿನ ವಿಷಯ ಬಂದಾಗ ಮಾತ್ರ ಅಳತೆಯೊಂದನ್ನು ಹೇಳಿ, ಕೊಟ್ಟದ್ದನ್ನು ಕಟ್ಟಿಸಿಕೊಂಡು ಬರುತ್ತೇವೆ. ದಿನದ ಹದಿನಾರು ಗಂಟೆ ಮೈಗೆ ಅಂಟಿಕೊಂಡಿರುವ ಬಟ್ಟೆ ಇದು. ಇದರ ಬಗ್ಗೆ ಮನೆಯಲ್ಲಿ ಮಾತನಾಡಲು ಸಂಕೋಚ; ತುರಿಕೆಯೋ ಹುಣ್ಣೋ ಆದಾಗ ವೈದ್ಯರಲ್ಲಿ ಹೇಳಿಕೊಳ್ಳಲು ಇನ್ನೂ ಹೆಚ್ಚಿನ ಸಂಕೋಚ. ಚೆನ್ನೈಯಂಥ ಊರಿನಲ್ಲಿ ಈ ಸಂಕೋಚಕ್ಕೆ ತೆರುವ ಬೆಲೆ ಸಣ್ಣದಲ್ಲ. ಆದ್ದರಿಂದ ಈ ವಿಷಯವನ್ನು ನೇರವಾಗಿ ವಿವರಿಸುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಈ ಊರಿನ ಸೆಕೆಯ ಸ್ವರೂಪ

ಬಳ್ಳಾರಿ, ರಾಯಚೂರುಗಳ ಬಿಸಿಲನ್ನು ಕಂಡವರೂ ಚೆನ್ನೈಯ ಸೆಕೆಗೆ ಸೋಲುತ್ತಾರೆ. ಅಲ್ಲಿಯದು ಒಣ ಬಿಸಿಲು, ಇಲ್ಲಿಯದು ಕಡಲಿನ ತೇವ ಬೆರೆತ ಬಿಸಿಲು. ಮೇ ತಿಂಗಳ ಮೊದಲ ವಾರದಿಂದ ಕೊನೆಯ ವಾರದವರೆಗೆ ತಮಿಳರು ‘ಕತ್ತರಿ ವೆಯಿಲ್’ ಅಥವಾ ಅಗ್ನಿ ನಕ್ಷತ್ರ ಎಂದು ಕರೆಯುವ ಅವಧಿ ಇರುತ್ತದೆ. 2003ರ ಮೇ 31ರಂದು ನುಂಗಂಬಾಕ್ಕಂನಲ್ಲಿ 45 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಗಿತ್ತು.

ನಮ್ಮ ದೇಹ ತಂಪಾಗುವುದು ಬೆವರು ಸುರಿಯುವುದರಿಂದಲ್ಲ, ಬೆವರು ಆರುವುದರಿಂದ. ಒಂದು ಲೀಟರ್ ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಮೈಯಿಂದ ಹೊತ್ತೊಯ್ಯುತ್ತದೆ. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಬೆವರು ಆರುವುದಿಲ್ಲ, ಹನಿಯಾಗಿ ಇಳಿಯುತ್ತದೆ. ತೊಡೆಯ ಸಂದು, ಕಂಕುಳು, ಸ್ತನಗಳ ಕೆಳಭಾಗ ಹಾಗೂ ಸೊಂಟದ ಸುತ್ತು ಗಾಳಿಯೇ ಆಡದ ಜಾಗಗಳು. ಅಲ್ಲಿ ನಿಂತ ಬೆವರು ಚರ್ಮವನ್ನು ನೆನೆಸಿ ಮೆತ್ತಗಾಗಿಸುತ್ತದೆ. ಮೆತ್ತಗಾದ ಚರ್ಮ ಹೊಲಿಗೆಗೆ ಉಜ್ಜಿದರೆ ಸುಲಿಯುತ್ತದೆ, ಬೆವರುಸಾಲೆ ಏಳುತ್ತದೆ, ಶಿಲೀಂಧ್ರ ಬೇರೂರುತ್ತದೆ.

ಯಾವ ನೂಲು, ಯಾವ ಕೆಲಸಕ್ಕೆ?

ಬೇಸಿಗೆಗೆ ಹತ್ತಿಯೇ ಸರಿ ಎಂಬ ಹಿರಿಯರ ಮಾತಿಗೆ ಆಧಾರವಿದೆ. ಸಾಮಾನ್ಯ ತೇವವಿರುವ ಗಾಳಿಯಲ್ಲಿ ಹತ್ತಿಯ ನೂಲು ತನ್ನ ತೂಕದ ಶೇ. 8ರಷ್ಟು ತೇವವನ್ನು ಹೀರಿಕೊಂಡಿರುತ್ತದೆ. ನೈಲಾನ್ ಹೀರುವುದು ಶೇ. 4ರಷ್ಟು, ಪಾಲಿಯೆಸ್ಟರ್ ಶೇ. 1ಕ್ಕಿಂತಲೂ ಕಡಿಮೆ. ಕಚೇರಿ, ಅಡುಗೆಮನೆ, ಪೇಟೆ, ಬಸ್ಸು ಎಂದು ಸಾಧಾರಣವಾಗಿ ಬೆವರುವ ದಿನಕ್ಕೆ ತೆಳುವಾದ ಹತ್ತಿಯ ಹೆಣಿಗೆ ಬಟ್ಟೆಯೇ ಹಿತ. ಕುಣಿಕೆ ಕುಣಿಕೆಯಾಗಿ ಹೆಣೆದ ಬಟ್ಟೆ ಮೈಯೊಡನೆ ಹಿಗ್ಗುತ್ತದೆ; ಕುಣಿಕೆಗಳ ನಡುವೆ ಗಾಳಿಯೂ ಆಡುತ್ತದೆ.

ಆದರೆ ಹತ್ತಿಗೂ ಒಂದು ಮಿತಿಯಿದೆ. ಅದು ನೀರನ್ನು ಹೀರುತ್ತದೆ, ಬೇಗ ಬಿಡುವುದಿಲ್ಲ. ಮರೀನಾದಲ್ಲೋ ಬೆಸೆಂಟ್ ನಗರದ ಕಡಲತೀರದಲ್ಲೋ ಒಂದು ಗಂಟೆ ಓಡುವವರ, ಬಯಲಿನಲ್ಲಿ ಕ್ರಿಕೆಟ್ ಆಡುವ ಮಕ್ಕಳ ಹತ್ತಿಯ ಚಡ್ಡಿ ತೊಯ್ದು ಭಾರವಾಗಿ ತೊಡೆಗೆ ಉಜ್ಜುತ್ತದೆ. ಅಂಥ ಹೊತ್ತಿಗೆ ಆಟಗಾರರಿಗೆಂದು ತಯಾರಾಗುವ ತೆಳುವಾದ, ಬೇಗ ಆರುವ ಕೃತಕ ನೂಲಿನ ಒಳ ಉಡುಪು ಮೇಲು. ಅದು ಬೆವರನ್ನು ತಾನು ಕುಡಿಯದೆ ಎಳೆಗಳ ನಡುವಿನಿಂದ ಹೊರಮೈಗೆ ಸಾಗಿಸುತ್ತದೆ. ನಿಯಮ ಒಂದೇ: ಆಟ ಮುಗಿದೊಡನೆ ಅದನ್ನು ಕಳಚಿ, ಮೈ ತೊಳೆದು, ಒಣಗಿದ ಹತ್ತಿಯದನ್ನು ತೊಡಬೇಕು. ತೊಯ್ದ ಬಟ್ಟೆಯಲ್ಲೇ ಹೋಟೆಲಿನಲ್ಲಿ ಕುಳಿತು ಕಾಫಿ ಕುಡಿಯುವ ಅಭ್ಯಾಸ ಸಲ್ಲದು.

ಮಣಲಿಯ ದುಡಿಮೆಗಾರರಿಗೆ ಒಂದು ವಿಶೇಷ ಸೂಚನೆ

ಉತ್ತರ ಚೆನ್ನೈಯ ಮಣಲಿ ಕಾರ್ಖಾನೆಗಳ ಊರು. 1965ರಲ್ಲಿ ಮದ್ರಾಸ್ ರಿಫೈನರೀಸ್ ಎಂಬ ಹೆಸರಿನಿಂದ ಸ್ಥಾಪಿತವಾದ ಇಂದಿನ ಚೆನ್ನೈ ಪೆಟ್ರೋಲಿಯಂ ನಿಗಮದ ತೈಲ ಶುದ್ಧೀಕರಣ ಘಟಕ ಇಲ್ಲಿದೆ. ಮದ್ರಾಸ್ ಫರ್ಟಿಲೈಸರ್ಸ್ ಗೊಬ್ಬರ ಕಾರ್ಖಾನೆಯೂ ಇಲ್ಲಿಯದೇ. ಇಂಥ ಕಾರ್ಖಾನೆಗಳಲ್ಲಿ ಕೊಳವೆಗಳ, ಕುಲುಮೆಗಳ ಬಳಿ ದುಡಿಯುವವರು ಬಿಸಿಲಿನ ಜೊತೆಗೆ ಯಂತ್ರಗಳ ಕಾವನ್ನೂ ತಾಳಬೇಕು. ಮೇಲೆ ದಪ್ಪ ಮೇಲಂಗಿ, ಕಾಲಿಗೆ ಬೂಟು. ಒಳಗಿನ ಬೆವರಿಗೆ ಹೊರಬರುವ ದಾರಿಯೇ ಇಲ್ಲ.

ಬೇಗ ಆರುತ್ತದೆಂದು ಇವರು ಕೃತಕ ನೂಲಿನ ಒಳ ಉಡುಪನ್ನು ತೊಡುವುದು ಅಪಾಯ. ಪಾಲಿಯೆಸ್ಟರ್ ಸುಮಾರು 255 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಬೆಂಕಿಯ ಝಳ ತಗುಲಿದಾಗ ಹೊರಗಿನ ರಕ್ಷಾ ಉಡುಪು ಉಳಿದರೂ ಒಳಗಿನ ಬಟ್ಟೆ ಕರಗಿ ಚರ್ಮಕ್ಕೆ ಅಂಟಿ ಸುಟ್ಟಗಾಯವನ್ನು ಆಳವಾಗಿಸಬಲ್ಲದು. ಹತ್ತಿಗೆ ಬೆಂಕಿ ಹತ್ತಬಹುದೇ ಹೊರತು ಅದು ಕರಗಿ ಅಂಟುವುದಿಲ್ಲ. ಆದ್ದರಿಂದ ಬೆಂಕಿ, ಬೆಸುಗೆ, ತೈಲಗಳ ಬಳಿ ಕೆಲಸವಿರುವವರು ರಕ್ಷಾ ಉಡುಪಿನ ಒಳಗೆ ಅಪ್ಪಟ ಹತ್ತಿಯ ಬನಿಯನ್ ಮತ್ತು ಚಡ್ಡಿಯನ್ನೇ ತೊಡಬೇಕು. ಚೀಲದಲ್ಲಿ ಇನ್ನೊಂದು ಜೊತೆಯನ್ನು ಒಯ್ದು ಊಟದ ವಿರಾಮದಲ್ಲಿ ಬದಲಿಸಿಕೊಂಡರೆ ಅರ್ಧ ತೊಂದರೆ ಅಲ್ಲಿಗೇ ತಪ್ಪುತ್ತದೆ.

ಅಳತೆ ಮತ್ತು ಹೊಲಿಗೆ

ಒಳ ಉಡುಪು ಬಿಗಿಯಾಗಿದ್ದರೆ ಮೈ ಅಚ್ಚುಕಟ್ಟಾಗಿ ಕಾಣುತ್ತದೆಂಬುದು ಭ್ರಮೆ. ಸಂಜೆ ಕಳಚಿದಾಗ ಎಲಾಸ್ಟಿಕ್‌ನ ಕೆಂಪು ಗೆರೆ ಉಳಿದಿದ್ದರೆ ಅಳತೆ ಚಿಕ್ಕದಾಗಿದೆಯೆಂದೇ ಅರ್ಥ. ನಮ್ಮಲ್ಲಿ ಅಳತೆಯನ್ನು ಸಾಮಾನ್ಯವಾಗಿ 80, 85, 90 ಎಂದು ಸೆಂಟಿಮೀಟರ್‌ಗಳಲ್ಲಿ ನಮೂದಿಸುತ್ತಾರೆ. ವರ್ಷಕ್ಕೊಮ್ಮೆ ಸೊಂಟವನ್ನೂ ಎದೆಯನ್ನೂ ಟೇಪಿನಿಂದ ಅಳೆದುಕೊಳ್ಳುವುದು ಒಳ್ಳೆಯದು. ತೊಡೆ ತೊಡೆಗೆ ಉಜ್ಜುವ ಮೈಕಟ್ಟಿನವರಿಗೆ ತೊಡೆಯ ನಡುವಿನವರೆಗೆ ಇಳಿಯುವ ಉದ್ದನೆಯ ಚಡ್ಡಿ ಅನುಕೂಲ.

ಗಂಡಸರ ವೃಷಣಗಳು ದೇಹದ ಉಷ್ಣತೆಗಿಂತ ಎರಡು ಮೂರು ಡಿಗ್ರಿ ತಂಪಾಗಿರಬೇಕು. 2018ರಲ್ಲಿ ಹಾರ್ವರ್ಡ್‌ನ ಸಂಶೋಧಕರು 656 ಗಂಡಸರನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿದರು. ಸಡಿಲವಾದ ಚಡ್ಡಿ ತೊಡುತ್ತಿದ್ದವರಲ್ಲಿ ವೀರ್ಯಾಣುಗಳ ಸಾಂದ್ರತೆ ಇತರರಿಗಿಂತ ಶೇ. 25ರಷ್ಟು ಹೆಚ್ಚಾಗಿತ್ತು. ಬಿಗಿ ಚಡ್ಡಿ ತೊಟ್ಟವರೆಲ್ಲರಿಗೂ ಸಂತಾನದ ತೊಂದರೆಯೆಂದು ಇದರ ಅರ್ಥವಲ್ಲ. ಮಗುವನ್ನು ನಿರೀಕ್ಷಿಸುವ ದಂಪತಿಗಳು ಗಮನಿಸಬೇಕಾದ ಸುಲಭದ ಬದಲಾವಣೆ, ಅಷ್ಟೆ.

ಹೆಂಗಸರಿಗೆ ಹೇಳಬೇಕಾದದ್ದು ಒಳಲಂಗದ ಲಾಡಿಯ ಬಗ್ಗೆ. ಸೀರೆ ನಿಲ್ಲಲೆಂದು ತೆಳುವಾದ ಲಾಡಿಯನ್ನು ಹತ್ತಾರು ವರ್ಷ ಒಂದೇ ಜಾಗದಲ್ಲಿ ಬಿಗಿದರೆ, ಬೆವರು ಮತ್ತು ಉಜ್ಜಾಟದಿಂದ ಚರ್ಮ ಕಪ್ಪಾಗಿ ಸಿಪ್ಪೆಯೇಳುತ್ತದೆ. ಅಪರೂಪಕ್ಕೆ ಅಲ್ಲಿ ಮಾಯದ ಹುಣ್ಣಾಗಿ ಚರ್ಮದ ಕ್ಯಾನ್ಸರ್‌ಗೂ ತಿರುಗಬಹುದು. ಪಂಚೆಯ ಬಿಗಿತದಿಂದ ಸೊಂಟದಲ್ಲಿ ಉಂಟಾಗುವ ಕ್ಯಾನ್ಸರನ್ನು ಡಾ. ವಿ. ಆರ್. ಖಾನೋಲ್ಕರ್ 1945ರಷ್ಟು ಹಿಂದೆಯೇ ವರದಿ ಮಾಡಿದ್ದರು. 2024ರಲ್ಲಿ ಮಹಾರಾಷ್ಟ್ರ ಮತ್ತು ಬಿಹಾರದ ವೈದ್ಯರು ಇಬ್ಬರು ಮಹಿಳೆಯರಲ್ಲಿ ಒಳಲಂಗದ ಲಾಡಿಯಿಂದಾದ ಇಂಥದೇ ಕ್ಯಾನ್ಸರನ್ನು ವಿವರಿಸಿದ್ದಾರೆ. ಅಗಲವಾದ ಪಟ್ಟಿಯ ಒಳಲಂಗವನ್ನು ಬಳಸುವುದು, ಕಟ್ಟುವ ಜಾಗವನ್ನು ದಿನ ದಿನ ಸ್ವಲ್ಪ ಬದಲಿಸುವುದು, ಮನೆಯಲ್ಲಿರುವಾಗ ಸಡಿಲಿಸುವುದು, ಇಷ್ಟು ಸಾಕು. ಸೊಂಟದ ಹುಣ್ಣು ಕೆಲವು ವಾರಗಳಲ್ಲಿ ಮಾಯದಿದ್ದರೆ ಅಜ್ಜಿಯಾಗಲಿ ಅಮ್ಮನಾಗಲಿ ವೈದ್ಯರಿಗೆ ತೋರಿಸಲೇಬೇಕು. ಇನ್ನು ಒಳಚಡ್ಡಿ ಕೊಳ್ಳುವಾಗ, ಹೊರಗೆ ಯಾವ ನೂಲೇ ಇರಲಿ, ನಡುವಿನ ಪಟ್ಟಿ ಹತ್ತಿಯದ್ದೇ ಆಗಿರುವಂತೆ ನೋಡಿಕೊಳ್ಳಬೇಕು.

ತುರಿಕೆ ಬಂದಾಗ

ತೊಡೆಯ ಸಂದಿನಲ್ಲಿ ಉಂಗುರದಂತೆ ಹರಡುವ ತುರಿಕೆಯನ್ನು ನಮ್ಮವರು ಗಜಕರ್ಣ ಅಥವಾ ಹುಳಕಡ್ಡಿ ಎನ್ನುತ್ತಾರೆ. ಹಿಂದೆ ಎರಡು ವಾರದ ಮುಲಾಮಿಗೆ ಬಗ್ಗುತ್ತಿದ್ದ ಈ ರೋಗ ಈಗ ಭಾರತದಲ್ಲಿ ಹಟಮಾರಿಯಾಗಿದೆ. ಮಾಮೂಲಿನ ಔಷಧಿಗೆ ಬಗ್ಗದ ಒಂದು ಶಿಲೀಂಧ್ರಕ್ಕೆ 2020ರಲ್ಲಿ ‘ಟ್ರೈಕೊಫೈಟಾನ್ ಇಂಡೊಟಿನಿಯೇ’ ಎಂದು ಹೆಸರಿಡಲಾಯಿತು. ರೋಗ ಹೀಗೆ ಹಬ್ಬಲು ಒಂದು ಮುಖ್ಯ ಕಾರಣ, ಔಷಧಿ ಅಂಗಡಿಯಲ್ಲಿ ತಾವಾಗಿ ಕೇಳಿ ತರುವ ಸ್ಟಿರಾಯ್ಡ್ ಬೆರೆತ ಮುಲಾಮು ಎಂಬುದು ಚರ್ಮವೈದ್ಯರ ಅಭಿಪ್ರಾಯ. ಅದು ಎರಡೇ ದಿನದಲ್ಲಿ ತುರಿಕೆಯನ್ನು ಅಡಗಿಸುತ್ತದೆ. ಆದರೆ ಒಳಗಿನ ಶಿಲೀಂಧ್ರಕ್ಕೆ ಹಬ್ಬವೂಟ. 2018ರಲ್ಲಿ ಕೇಂದ್ರ ಸರ್ಕಾರವು ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ನೆರೆಯವರು ಹೇಳಿದ ಮುಲಾಮನ್ನು ಹಚ್ಚದೆ ಚರ್ಮವೈದ್ಯರನ್ನು ಕಾಣುವುದೇ ಜಾಣತನ.

ಮನೆಯಲ್ಲಿ ಒಬ್ಬರಿಗೆ ಬಂದರೆ ಉಳಿದವರಿಗೂ ಹರಡುತ್ತದೆ. ಒಬ್ಬರ ಟವೆಲು ಇನ್ನೊಬ್ಬರು ಬಳಸಬಾರದು. ರೋಗಿಯ ಒಳ ಉಡುಪನ್ನು ಬೇರೆಯಾಗಿ, 60 ಡಿಗ್ರಿಯಷ್ಟು ಬಿಸಿಯಾದ ನೀರಿನಲ್ಲಿ ಒಗೆಯಬೇಕು. ತಣ್ಣೀರಿಗೆ ಈ ಶಿಲೀಂಧ್ರ ಸಾಯುವುದಿಲ್ಲ. ಬಟ್ಟೆಯಲ್ಲಿ ಸಾಬೂನು ಉಳಿಯದಂತೆ ಜಾಲಿಸಬೇಕು. ಬಚ್ಚಲಿನ ಕತ್ತಲೆಯಲ್ಲಿ, ಸೀರೆಯ ಮರೆಯಲ್ಲಿ ಒಣಗಿಸುವ ನಾಚಿಕೆಯನ್ನು ಬಿಟ್ಟು ಬಿಸಿಲಿಗೆ ಹರವಬೇಕು. ಚೆನ್ನೈಯಲ್ಲಿ ಧಾರಾಳವಾಗಿ ದೊರೆಯುವುದು ಬಿಸಿಲೊಂದೇ, ಅದನ್ನು ಬಳಸಿಕೊಳ್ಳೋಣ.

ದುಬಾರಿ ಹೆಸರಿನ ಬೆನ್ನು ಹತ್ತಬೇಕಾದ ಅಗತ್ಯವೂ ಇಲ್ಲ. ದೇಶದ ಹೆಣಿಗೆ ಉಡುಪಿನ ದೊಡ್ಡ ಕೇಂದ್ರವಾದ ತಿರುಪ್ಪೂರು ನಮ್ಮ ರಾಜ್ಯದಲ್ಲೇ ಇದೆ. ಅಲ್ಲಿಯ ಹತ್ತಿಯ ಬನಿಯನ್ನುಗಳು ಸಾಧಾರಣ ಅಂಗಡಿಗಳಲ್ಲೂ ಸಿಗುತ್ತವೆ. ದಿನಕ್ಕೆ ಎರಡು ಬಾರಿ ಬದಲಿಸಲು ಸಾಕಾಗುವಷ್ಟು ಜೊತೆಗಳನ್ನು ಇಟ್ಟುಕೊಂಡು, ಎಲಾಸ್ಟಿಕ್ ಜೋತವನ್ನೂ ಬಟ್ಟೆ ಒರಟಾದವನ್ನೂ ಮೋಹವಿಲ್ಲದೆ ಮೂಲೆಗೆ ಹಾಕಬೇಕು. ಅವು ಬೈಕು ಒರೆಸಲು ಬಹಳ ಚೆನ್ನಾಗಿರುತ್ತವೆ.